ಹಾರುವ ಬಿಲ್ಲೆ ಮುರಿಯಬೇಕಾ? ನಳಿಗೆ ನೋಡುವುದನ್ನು ಬಿಡಿ

ಪ್ರಶ್ನೆ: ಸರ್, ನನ್ನ ಊರು ಗದಗ, ವಯಸ್ಸು 27. ಆರು ತಿಂಗಳಿಂದ ಟ್ರ್ಯಾಪ್ ಶೂಟಿಂಗ್ (ಯಂತ್ರ ಎಸೆಯುವ ಬಿಲ್ಲೆಯನ್ನು ಗಾಳಿಯಲ್ಲೇ ಬಂದೂಕಿನಿಂದ ಮುರಿಯುವ ಆಟ) ಕಲಿಯುತ್ತಿದ್ದೇನೆ. ತಿಂಗಳಿಗೊಮ್ಮೆ ರಾತ್ರಿ ಪ್ರಯಾಣ ಮಾಡಿ ಹೈದರಾಬಾದಿಗೆ ಹೋಗಿ, ಅಲ್ಲಿನ ರೇಂಜ್‌ನ ಬಂದೂಕಿನಲ್ಲೇ ಅಭ್ಯಾಸ ಮಾಡುತ್ತೇನೆ. 25 ಬಿಲ್ಲೆಗೆ 9 ಅಥವಾ 10 ಮುರಿಯುತ್ತವೆ. ಅಲ್ಲಿಗೇ ನಿಂತುಬಿಟ್ಟಿದೆ. ನೇರ ಹೋಗುವ ಬಿಲ್ಲೆ ಸಿಗುತ್ತದೆ, ಓರೆಯಾಗಿ ಹೋದದ್ದು ತಪ್ಪುತ್ತದೆ. ಗುರಿ ಸರಿಯಾಗಿಯೇ ಹಿಡಿದಿರುತ್ತೇನೆ. ಸ್ವಂತ ಬಂದೂಕು ತೆಗೆದುಕೊಂಡರೆ ಸುಧಾರಿಸುತ್ತದೆಯೇ? ಶುರು ಮಾಡಿದ್ದೇ ತಡವಾಯಿತೇ?

ಉತ್ತರ: ಮೊದಲು ಕೊನೆಯ ಪ್ರಶ್ನೆ. ರಾಜ್ಯವರ್ಧನ್ ಸಿಂಗ್ ರಾಠೋಡ್ ಈ ಆಟಕ್ಕೆ ಬಂದದ್ದು 1998ರಲ್ಲಿ, ವಯಸ್ಸು 28 ಆದಾಗ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಡಬಲ್ ಟ್ರ್ಯಾಪ್ (ಎರಡು ಬಿಲ್ಲೆ ಒಟ್ಟಿಗೆ ಹಾರುವ ಸ್ಪರ್ಧೆ) ಬೆಳ್ಳಿ ತಂದರು. ವಯಸ್ಸಿನ ಚಿಂತೆ ಬಿಡಿ.

ಇನ್ನು ನಿಮ್ಮ ಪತ್ರ. ‘ಗುರಿ ಸರಿಯಾಗಿಯೇ ಹಿಡಿದಿರುತ್ತೇನೆ’ ಅಂತ ಬರೆದಿದ್ದೀರಲ್ಲ, ತೊಂದರೆ ಇರುವುದು ಆ ಮಾತಿನಲ್ಲೇ. ರೈಫಲ್‌ನಲ್ಲಿ ಗುರಿ ಹಿಡಿಯಬೇಕು. ಅಲ್ಲಿ ಗುರಿಯೂ ನಿಂತಿರುತ್ತದೆ, ಕೈಯೂ ನಿಂತಿರುತ್ತದೆ. ಇಲ್ಲಿ ಹಾಗಲ್ಲ. ನಳಿಗೆಯ ತುದಿ ಬಿಲ್ಲೆಗೆ ಸರಿಹೊಂದಿತೇ ಅಂತ ಪರೀಕ್ಷೆ ಮಾಡಲು ಹೋದಿರೋ, ಅದೇ ಗಳಿಗೆಗೆ ಕೈ ನಿಂತುಬಿಡುತ್ತದೆ. ಬಿಲ್ಲೆ ನಿಲ್ಲುವುದಿಲ್ಲ.

ಹುಬ್ಬಳ್ಳಿಯ ರಂಗಪಂಚಮಿ ನೋಡಿದ್ದೀರಲ್ವಾ? ಪಿಚಕಾರಿ ಹಿಡಿದ ಹುಡುಗರನ್ನು ನೆನಪಿಸಿಕೊಳ್ಳಿ. ಚಿಕ್ಕವನು ಓಡುವ ಗೆಳೆಯನ ಬೆನ್ನಿಗೆ ಸರಿಯಾಗಿ ಹಿಡಿದು, ಕೈ ನಿಲ್ಲಿಸಿ, ಒತ್ತುತ್ತಾನೆ. ಬಣ್ಣ ಬೀಳುವುದು ಗೆಳೆಯ ಬಿಟ್ಟು ಹೋದ ಜಾಗಕ್ಕೆ. ನಾಲ್ಕು ಹಬ್ಬ ಆಡಿದ ದೊಡ್ಡವನು ಕೈಯನ್ನೂ ಗೆಳೆಯನ ಜೊತೆ ಓಡಿಸುತ್ತಾನೆ, ಸ್ವಲ್ಪ ಮುಂದೆ ದಾಟಿಸಿ ಒತ್ತುತ್ತಾನೆ. ಒತ್ತಿದ ಮೇಲೂ ಅವನ ಕೈ ಓಡುತ್ತಲೇ ಇರುತ್ತದೆ. ಎಷ್ಟು ಮುಂದೆ ಅಂತ ಅವನಿಗೆ ಯಾರೂ ಅಳತೆ ಹೇಳಿಕೊಟ್ಟಿಲ್ಲ. ಪಿಚಕಾರಿಯ ಮೂತಿಯನ್ನು ಅವನು ಒಮ್ಮೆಯೂ ನೋಡಿರುವುದಿಲ್ಲ.

ಈ ಬಂದೂಕಿನ ತೋಟಾದಲ್ಲಿರುವ ಸೀಸದ ಕಾಳು ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿರುತ್ತದೆ. ಗಾಳಿಗೆ ಬೇಗ ನಿಧಾನವೂ ಆಗುತ್ತದೆ. 35 ಮೀಟರ್ ಮುಟ್ಟಲು ಹೆಚ್ಚೂಕಡಿಮೆ ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಅಷ್ಟರಲ್ಲಿ ಬಿಲ್ಲೆ ಎರಡು ಮೀಟರ್‌ನಷ್ಟು ಸಾಗಿಬಿಟ್ಟಿರುತ್ತದೆ. ನೇರ ಹೋಗುವ ಬಿಲ್ಲೆ ಆ ಎರಡು ಮೀಟರ್ ನಿಮ್ಮಿಂದ ದೂರಕ್ಕೇ ಹೋಗುತ್ತದೆ. ಕೈ ನಿಂತರೂ ಸಿಗುತ್ತದೆ. ಓರೆ ಹೋದದ್ದು ಪಕ್ಕಕ್ಕೂ ಸರಿಯುತ್ತದೆ. ನೀವು ಅದರ ಬಾಲಕ್ಕೆ ಹೊಡೆಯುತ್ತಿದ್ದೀರಿ, ಅಷ್ಟೆ.

ಹಾಗಂತ ಕೂದಲೆಳೆಯಷ್ಟು ಕರಾರುವಾಕ್ಕಾಗಿ ಹೊಡೆಯಬೇಕು ಅಂತ ಹೆದರಬೇಡಿ. 24 ಗ್ರಾಂ ತೋಟಾದಲ್ಲಿ ಸಾಸಿವೆಗಿಂತ ತುಸು ದಪ್ಪನೆಯ ಕಾಳು ಸುಮಾರು 300 ಇರುತ್ತವೆ. ಫುಲ್ ಚೋಕ್ ಇದ್ದರೂ, ಅಂದರೆ ನಳಿಗೆಯ ತುದಿ ತೀರಾ ಕಿರಿದಾಗಿದ್ದರೂ, 36 ಮೀಟರ್ ದೂರದಲ್ಲಿ ಅವುಗಳಲ್ಲಿ ನೂರಕ್ಕೆ 70ರಷ್ಟು 76 ಸೆಂಟಿಮೀಟರ್ ಅಗಲದ ವೃತ್ತದೊಳಗೆ ಹರಡಿಕೊಂಡಿರುತ್ತವೆ. ಬಿಲ್ಲೆಯ ಅಗಲ 11 ಸೆಂಟಿಮೀಟರ್. ಕೈ ಓಡುತ್ತಿದ್ದರೆ ಸಣ್ಣ ತಪ್ಪನ್ನು ಈ ಕಾಳುಗಳೇ ತುಂಬಿಕೊಡುತ್ತವೆ. ಕೈ ನಿಂತರೆ ತುಂಬಿಕೊಡಲಾರವು.

ಈಗ ಮಾಡಬೇಕಾದ ಕೆಲಸ. ಮುಂದಿನ ಸಲ ರೇಂಜ್‌ನಲ್ಲಿ ಕೇಳಿ ಒಂದು ಇಡೀ ಬಿಲ್ಲೆ ಮನೆಗೆ ತನ್ನಿ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. 105 ಗ್ರಾಂ ತೂಕ, ಮುಚ್ಚಳದಂಥ ಆಕಾರ, ಅಂಚಿನ ಸುತ್ತ ಉಬ್ಬಿದ ಗೆರೆಗಳು. ಆ ಗೆರೆಗಳನ್ನು ಚೆನ್ನಾಗಿ ಗುರುತು ಮಾಡಿಕೊಳ್ಳಿ. ಮೈದಾನದಲ್ಲಿ ನೀವು ಹುಡುಕಬೇಕಾದದ್ದು ಅವನ್ನೇ. ಬಿಲ್ಲೆ ಹೊರಬಿದ್ದ ಕೂಡಲೇ ಕಾಣುವುದು ಬರೀ ಕಿತ್ತಳೆ ಬಣ್ಣದ ಎಳೆ. ಹೊಸಬರು ಆ ಎಳೆಗೇ ಬೆಚ್ಚಿ ಬಂದೂಕು ಎಳೆದುಬಿಡುತ್ತಾರೆ. ಒಂದು ಗಳಿಗೆ ತಾಳಿ. ಎಳೆ ಹೋಗಿ ಬಿಲ್ಲೆ ಆಗುತ್ತದೆ. ಅದರ ಮುಂದಿನ ಅಂಚಿಗೆ ಕಣ್ಣು ಕಚ್ಚಿಕೊಳ್ಳಲಿ, ಆಮೇಲೆ ಬಂದೂಕು ಓಡಲಿ. ಬಿಲ್ಲೆ ಎಸೆಯಲು ಕೂಗು ಹಾಕುವ ಮೊದಲೂ ಕಣ್ಣು ನಳಿಗೆಯ ಮೇಲಿರಬಾರದು. ಎಸೆಯುವ ಯಂತ್ರಗಳಿರುವ ಹಳ್ಳದ ಆಚೆ, ಬಿಲ್ಲೆ ಮೊದಲು ಕಾಣಿಸುವ ಬಯಲಿನ ಮೇಲಿರಬೇಕು.

ನನ್ನ ಶಿಷ್ಯರೊಬ್ಬರಿಗೆ ನಿಮ್ಮದೇ ತೊಂದರೆ ಇತ್ತು. ಎಷ್ಟು ಹೇಳಿದರೂ ಕಣ್ಣು ನಳಿಗೆ ತುದಿಯ ಬೀಡ್‌ಗೆ, ಅಂದರೆ ಗುರಿಯ ಸಣ್ಣ ಮಣಿಗೆ, ಓಡುತ್ತಿತ್ತು. ಒಂದು ಬೆಳಿಗ್ಗೆ ಆ ಬೀಡ್‌ಗೆ ಕಪ್ಪು ಟೇಪ್ ಸುತ್ತಿ ಬಂದೂಕು ಕೈಗೆ ಕೊಟ್ಟೆ. ಮೊದಲ ಐದು ಬಿಲ್ಲೆ ಹಾಗೇ ಹೋದವು. ಆರನೆಯದು ಬಲಕ್ಕೆ ಓರೆಯಾಗಿ ಎದ್ದು, ಗಾಳಿಯಲ್ಲೇ ಕರಿ ಹೊಗೆಯಾಗಿ ಹೋಯಿತು. ‘ಬಂದೂಕು ಕಾಣಲೇ ಇಲ್ಲ ಸರ್’ ಅಂದರು. ನನಗೆ ಬೇಕಿದ್ದದ್ದು ಅದೇ. ನಿಮ್ಮ ಕೋಚ್‌ಗೆ ಹೇಳಿ, ನೀವೂ ಮಾಡಿಸಿ ನೋಡಿ.

ತಿಂಗಳಿಗೆ ಒಂದೇ ಸಲ ರೇಂಜ್ ಸಿಗುವವರಿಗೆ ಮನೆಯ ಅಭ್ಯಾಸವೇ ದೊಡ್ಡದು. ಪರಿಚಯದ ಬಡಿಗೇರರ ಹತ್ತಿರ ಕಟ್ಟಿಗೆಯಲ್ಲಿ ಬಂದೂಕಿನ ಅಚ್ಚು ಮಾಡಿಸಿ. ಉದ್ದ, ಹಿಂಭಾಗದ ಆಕಾರ ನೀವು ಬಳಸುವ ಬಂದೂಕಿನಂತೇ ಇರಲಿ. ತೂಕ ಮೂರೂವರೆ ಕಿಲೋ ಹತ್ತಿರ ಬರಲಿ. ಅದನ್ನು ಓಣಿಗೆ ತರಬೇಡಿ, ನೋಡಿದವರು ನಿಜವಾದದ್ದೇ ಅಂದುಕೊಳ್ಳುತ್ತಾರೆ. ಕೋಣೆಯಲ್ಲಿ ನಿಂತು, ಗೋಡೆಯೂ ಮಾಳಿಗೆಯೂ ಕೂಡುವ ಗೆರೆ ನೋಡಿ. ಅಚ್ಚನ್ನು ಕೆನ್ನೆಗೆ ತನ್ನಿ, ಹೆಗಲಿಗೆ ಕೂರಿಸಿ, ಆ ಗೆರೆಯ ಗುಂಟ ಮೂಲೆಯಿಂದ ಮೂಲೆಗೆ ಓಡಿಸಿ. ತಿರುಗುವುದು ಸೊಂಟದಿಂದ, ಬರೀ ತೋಳಿನಿಂದಲ್ಲ. ಬಂದೂಕು ಕೆನ್ನೆಗೆ ಬರಬೇಕು, ಕೆನ್ನೆ ಬಂದೂಕಿಗೆ ಬಗ್ಗಬಾರದು. ದಿನಾ ಹತ್ತು ನಿಮಿಷ ಸಾಕು. ತೋಳು ಸೋತ ಮೇಲೆ ಮಾಡಿದರೆ ತಪ್ಪೇ ರೂಢಿಯಾಗುತ್ತದೆ.

ಇನ್ನೊಂದು ಪರೀಕ್ಷೆ ಇವತ್ತೇ ಮಾಡಿ. ನಿಮ್ಮ ಕಡೆ ಗಾಳಿಯಂತ್ರಗಳಿಗೇನು ಕಡಿಮೆಯಿಲ್ಲ. ಎರಡೂ ಕಣ್ಣು ತೆರೆದು ದೂರದ ಒಂದರ ಕಂಬಕ್ಕೆ ಬೆರಳು ತೋರಿಸಿ. ಈಗ ಎಡಗಣ್ಣು ಮುಚ್ಚಿ. ಬೆರಳು ಕಂಬದ ಮೇಲೇ ಇದ್ದರೆ ನಿಮ್ಮ ಬಲಗಣ್ಣು ಜೋರು. ಪಕ್ಕಕ್ಕೆ ಜಿಗಿದರೆ ಎಡಗಣ್ಣು ಜೋರು. ಬಲ ಹೆಗಲಿನಿಂದ ಹೊಡೆಯುವವರಿಗೆ ಎಡಗಣ್ಣು ಜೋರಿದ್ದರೆ ಹೊಡೆತ ಎಡಕ್ಕೆ ಹೋಗುತ್ತದೆ. ಬಲಕ್ಕೆ ಹೋಗುವ ಬಿಲ್ಲೆಗಳೇ ನಿಮಗೆ ಜಾಸ್ತಿ ತಪ್ಪುತ್ತಿದ್ದರೆ ಇದನ್ನು ಅನುಮಾನಿಸಿ. ಆರು ತಿಂಗಳಷ್ಟೇ ಆಗಿರುವುದರಿಂದ ಎಡ ಹೆಗಲಿಗೆ ಬದಲಾಯಿಸುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಆಗದಿದ್ದರೆ ಕನ್ನಡಕದ ಎಡ ಗಾಜಿನ ಮೇಲೆ, ಬೀಡ್ ಕಾಣುವಷ್ಟು ಜಾಗಕ್ಕೆ ಮಾತ್ರ, ಮಸುಕು ಟೇಪ್ ಹಚ್ಚಬಹುದು.

ಪೂರ್ತಿ ಸುತ್ತು ಆಡುವ ಆಸೆ ಸ್ವಲ್ಪ ದಿನ ತಡೆದುಕೊಳ್ಳಿ. ಒಲಿಂಪಿಕ್ ಟ್ರ್ಯಾಪ್‌ನಲ್ಲಿ 15 ಮೀಟರ್ ಮುಂದಿನ ಹಳ್ಳದಲ್ಲಿ 15 ಯಂತ್ರ ಇರುತ್ತವೆ, ಯಾವುದು ಎಸೆಯುತ್ತದೆ ಅಂತ ಮೊದಲೇ ತಿಳಿಯುವುದಿಲ್ಲ. ಕಲಿಯುವವರಿಗೆ ಅದು ಜಾಸ್ತಿಯಾಯಿತು. ಬಲಕ್ಕೆ ಹೋಗುವ ಒಂದೇ ಬಿಲ್ಲೆಯನ್ನು ಹತ್ತು ಸಲ ಎಸೆಯಲು ಕೇಳಿ. ಬಿಲ್ಲೆ ಹೊರಡುವ ಕಡೆಗಲ್ಲ, ಅದನ್ನು ಮುರಿಯಬೇಕಾದ ಕಡೆಗೆ ಮೈ ತಿರುಗಿಸಿ ನಿಲ್ಲಿ. ಹತ್ತರಲ್ಲಿ ಏಳು ಮುರಿದ ಮೇಲೆ ಎಡಕ್ಕೆ ಹೋಗುವ ಬಿಲ್ಲೆ ಕೇಳಿ.

ಬಂದೂಕು? ಈಗ ಬೇಡ. ಕೊಂಡ ಬಂದೂಕಿನ ಹಿಂಭಾಗ ನಿಮ್ಮ ಕೆನ್ನೆಗೆ, ತೋಳಿಗೆ ಹೊಂದದಿದ್ದರೆ ಅದರ ಬೆಲೆ ಎಷ್ಟಿದ್ದರೂ ಬಿಲ್ಲೆ ಮುರಿಯದು. ಕೆನ್ನೆ ಒಂದೇ ಜಾಗಕ್ಕೆ ಬರುವ ರೂಢಿ ಬೀಳುವವರೆಗೆ ನಿಮಗೆ ಯಾವ ಅಳತೆ ಬೇಕು ಅಂತಲೇ ತಿಳಿಯುವುದಿಲ್ಲ. ಆ ಹಣ ತೋಟಾಗೆ, ಪ್ರಯಾಣಕ್ಕೆ ಇರಲಿ.

ಪ್ರಶ್ನೆ: ನಾನು ಹಾವೇರಿಯವಳು, ಶಾಲಾ ಶಿಕ್ಷಕಿ. ರಜೆಯಲ್ಲಿ ಎರಡು ಸಲ ಕ್ಲೇ ಶೂಟಿಂಗ್ ತರಬೇತಿಗೆ ಹೋಗಿ ಬಂದೆ. ತೋಳು ನೀಲಿಗಟ್ಟಿದೆ. ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚಿಹೋಗುತ್ತದೆ. ಈ ಆಟ ನನಗೆ ಆಗುವುದಿಲ್ಲವೇ?

ಉತ್ತರ: ಖಂಡಿತ ಆಗುತ್ತದೆ. ಕಣ್ಣು ಮುಚ್ಚುವುದು ಹೇಡಿತನ ಅಲ್ಲ. ನೋವು ಬರುತ್ತದೆ ಅಂತ ಮೈ ಕಲಿತುಕೊಂಡಿದೆ. ನೋವು ನಿಂತರೆ ಅದನ್ನು ಮರೆಯುತ್ತದೆ.

ನೀಲಿಯಾದದ್ದು ಎಲ್ಲಿ ಅಂತ ಕನ್ನಡಿಯಲ್ಲಿ ನೋಡಿ. ತೋಳಿನ ಮೇಲ್ಭಾಗದಲ್ಲಿದ್ದರೆ ಬಂದೂಕನ್ನು ತೀರಾ ಹೊರಗೆ ಕೂರಿಸುತ್ತಿದ್ದೀರಿ. ಅದು ಕೂರಬೇಕಾದದ್ದು ಹೆಗಲ ಕೀಲಿಗೂ ಕೊರಳ ಮೂಳೆಗೂ ನಡುವಿನ ಗುಳಿಯಲ್ಲಿ. ಬಲ ಮೊಣಕೈಯನ್ನು ಪಕ್ಕಕ್ಕೆ ಸ್ವಲ್ಪ ಎತ್ತಿ, ಎಡಗೈ ಬೆರಳಿನಿಂದ ತಡವಿ ನೋಡಿ, ಗುಳಿ ಸಿಗುತ್ತದೆ. ಕೆನ್ನೆಗೆ ಪೆಟ್ಟಾಗಿದ್ದರೆ ಕೆನ್ನೆ ಕಟ್ಟಿಗೆಗೆ ಒತ್ತಿರಲಿಲ್ಲ, ನಡುವೆ ಸಂದು ಇತ್ತು ಅಂತ ಅರ್ಥ. ಬಂದೂಕು ಸಡಿಲ ಇದ್ದಷ್ಟೂ ಹೊಡೆತ ಜೋರು. ಭಾರ ಮುಂಗಾಲಿನ ಮೇಲೆ ಇರಲಿ. ಪೆಟ್ಟಿಗೆ ಹೆದರಿ ಹಿಂದಕ್ಕೆ ವಾಲಿದರೆ ಪೆಟ್ಟು ಇನ್ನೂ ಜಾಸ್ತಿ.

ನೀಲಿ ಪೂರ್ತಿ ಹೋಗುವವರೆಗೆ ಬಂದೂಕು ಮುಟ್ಟಬೇಡಿ. ಆಮೇಲೆ 24 ಗ್ರಾಂ ತೋಟಾವನ್ನೇ ಕೇಳಿ, 28 ಗ್ರಾಂ ಬೇಡ. ದಿನಕ್ಕೆ 25 ಹೊಡೆತ ಸಾಕು. ಕೋಚ್‌ಗೆ ಇನ್ನೊಂದು ಕೇಳಿಕೊಳ್ಳಿ: ನಿಮಗೆ ಗೊತ್ತಾಗದಂತೆ ನಡುನಡುವೆ ಖಾಲಿ ತೋಟಾ ಹಾಕಿ ಕೊಡಲಿ. ಸದ್ದು ಬರುವುದಿಲ್ಲ, ಆದರೂ ನಿಮ್ಮ ಹೆಗಲು ಜಿಗಿದದ್ದು ನಿಮಗೇ ಕಾಣುತ್ತದೆ. ನಾಲ್ಕೈದು ಸಲ ಕಂಡ ಮೇಲೆ ತಾನಾಗಿ ಕಡಿಮೆಯಾಗುತ್ತದೆ.

ಪ್ರಶ್ನೆ: ಧಾರವಾಡದಿಂದ ಬರೆಯುತ್ತಿದ್ದೇನೆ. ಮಗಳಿಗೆ 15 ವರ್ಷ. ಪ್ಯಾರಿಸ್ ಒಲಿಂಪಿಕ್ಸ್ ನೋಡಿದಾಗಿನಿಂದ ಸ್ಕೀಟ್ (ಎರಡು ಬದಿಯ ಗೋಪುರಗಳಿಂದ ಹಾರುವ ಬಿಲ್ಲೆ ಹೊಡೆಯುವ ಆಟ) ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಲೈಸೆನ್ಸ್ ಹೇಗೆ? ಅಪಾಯ ಇಲ್ಲವೇ?

ಉತ್ತರ: ಅವಳ ಹಟ ನನಗೆ ಅರ್ಥವಾಗುತ್ತದೆ. 2024ರಲ್ಲಿ ಮಹೇಶ್ವರಿ ಚೌಹಾಣ್ ಮತ್ತು ಅನಂತ್‌ಜೀತ್ ಸಿಂಗ್ ನರೂಕಾ ಮಿಶ್ರ ಸ್ಕೀಟ್‌ನಲ್ಲಿ 43-44ರಿಂದ ಸೋತರು. ಕಂಚು ತಪ್ಪಿದ್ದು ಒಂದೇ ಒಂದು ಬಿಲ್ಲೆಯಿಂದ. ಅವತ್ತು ನನಗೂ ನಿದ್ದೆ ಬರಲಿಲ್ಲ.

21 ತುಂಬುವವರೆಗೆ ಅವಳ ಹೆಸರಿನಲ್ಲಿ ಬಂದೂಕಿನ ಲೈಸೆನ್ಸ್ ಸಿಗುವುದಿಲ್ಲ. ಕಲಿಯುವುದಿದ್ದರೆ ರೇಂಜ್‌ನಲ್ಲಿ, ಕೋಚ್ ಕಣ್ಣೆದುರೇ ಕಲಿಯಬೇಕು. ಮುಂದೆ ಲೈಸೆನ್ಸ್ ಬೇಕಾದರೆ ಹುಬ್ಬಳ್ಳಿ-ಧಾರವಾಡದಲ್ಲಿ ಪೊಲೀಸ್ ಕಮಿಷನರ್ ಕಚೇರಿ, ಗದಗ, ಹಾವೇರಿಯವರಿಗೆ ಜಿಲ್ಲಾಧಿಕಾರಿ ಕಚೇರಿ. ಈಗ 10 ಮೀಟರ್ ಏರ್ ರೈಫಲ್‌ಗೆ ಸೇರಿಸಿ. ಅದರಿಂದ ಹಾರುವ ಬಿಲ್ಲೆ ಹೊಡೆಯಲು ಬರುವುದಿಲ್ಲ, ಆದರೆ ಬಂದೂಕಿನ ಶಿಸ್ತು ಬರುತ್ತದೆ. ಮೂತಿ ಯಾವಾಗಲೂ ಬಯಲ ಕಡೆ, ಸರದಿ ಬರುವವರೆಗೆ ಬೆರಳು ಟ್ರಿಗರ್‌ನಿಂದ ದೂರ, ಬಂದೂಕು ತೆರೆದು ಖಾಲಿ. ಈ ಮೂರರಲ್ಲಿ ಸಡಿಲ ಬಿಡುವ ರೇಂಜ್ ಕಂಡರೆ ಮಗಳನ್ನು ಕರೆದುಕೊಂಡು ವಾಪಸ್ ಬನ್ನಿ.

ಕಿವಿಯ ಬಗ್ಗೆ ತಂದೆ ತಾಯಿ ಕೇಳುವುದೇ ಇಲ್ಲ. ಈ ಬಂದೂಕಿನ ಸದ್ದು 140 ಡೆಸಿಬಲ್ ದಾಟುತ್ತದೆ. ಹೋದ ಕೇಳುವ ಶಕ್ತಿ ಮರಳಿ ಬರುವುದಿಲ್ಲ. ಸುಮ್ನೆ ನೋಡಲು ನಿಂತ ನಿಮಗೂ ಕಿವಿಗೆ ಮಫ್, ಕಣ್ಣಿಗೆ ಕನ್ನಡಕ ಬೇಕು. ಸೀಸದ ಧೂಳು ಕೈಗೆ, ಬಟ್ಟೆಗೆ ಅಂಟಿರುತ್ತದೆ. ಮಕ್ಕಳ ಮೈಗೆ ಅದು ವಿಷ. ಬುತ್ತಿ ಬಿಚ್ಚುವ ಮೊದಲು ಅವಳು ಸೋಪಿನಿಂದ ಕೈ, ಮುಖ ತೊಳೆಯಲಿ. ಮನೆಗೆ ಬಂದ ಕೂಡಲೇ ಆ ಬಟ್ಟೆ ಬೇರೆ ಬಕೆಟ್‌ಗೆ ಹಾಕಿ.