‘ಪಾತಾಳಕ್ಕೆ ಇಳಿದನು’ ಎಂಬ ಸಾಲನ್ನು ನುಂಗಬೇಡಿ

ಕ್ರೈಸ್ತರು ಆರಾಧನೆಯಲ್ಲಿ ಒಟ್ಟಾಗಿ ಹೇಳುವ ನಂಬಿಕೆಯ ಸಾರವಾದ ವಿಶ್ವಾಸ ಪ್ರಮಾಣದ ಬಗ್ಗೆ ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಧಾಟಿಯವು. ಅದು ಯೂರೋಪಿನವರದ್ದು, ಚಕ್ರವರ್ತಿ ಬರೆಸಿದ್ದು, ಏಷ್ಯಾದವರಾದ ನಮಗೆ ಅದರಿಂದ ಏನಾಗಬೇಕಿದೆ? ಹೇಳಿ ಹೇಳಿ ಬಾಯಿ ನೋಯುತ್ತಿದೆ. ಅವಕ್ಕೆ ಕೊನೆಯಲ್ಲಿ ಚುಟುಕಾಗಿ ಉತ್ತರಿಸುತ್ತೇನೆ. ಈ ಸಲದ ಹೆಚ್ಚಿನ ಜಾಗವನ್ನು ಒಬ್ಬ ಓದುಗರ ಪತ್ರಕ್ಕೆ ಕೊಡುತ್ತಿದ್ದೇನೆ. ಅವರ ಪ್ರಶ್ನೆಯೂ ಹೊಸದಲ್ಲ, ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. ನನಗೆ ಸಿಟ್ಟಿರುವುದು ಕೇಳಿದವರ ಮೇಲಲ್ಲ, ಅವರಿಗೆ ಇದುವರೆಗೆ ಸಿಕ್ಕಿರುವ ಉತ್ತರಗಳ ಮೇಲೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಮೊದಲು ದೀಕ್ಷಾಸ್ನಾನ ಪಡೆದವಳು ನಾನು. ನನ್ನನ್ನು ಸಾಕಿದ ತಾತ ಯೇಸುವಿನ ಹೆಸರು ಕೇಳದೆಯೇ ತೀರಿಕೊಂಡರು. ಅಪೊಸ್ತಲರ ವಿಶ್ವಾಸ ಪ್ರಮಾಣ ಹೇಳುವಾಗ ‘ಪಾತಾಳಕ್ಕೆ ಇಳಿದನು’ ಎಂಬಲ್ಲಿ ನನ್ನ ಬಾಯಿ ಕಟ್ಟುತ್ತದೆ. ಅದು ಆಮೇಲೆ ಸೇರಿಸಿದ ಸಾಲು, ಬಿಟ್ಟರೂ ನಡೆಯುತ್ತದೆ ಎಂದು ಸಭಾಪಾಲಕರು ಹೇಳಿದರು. ಇನ್ನೊಬ್ಬ ಬೋಧಕರು ತಾತನ ಶಾಪ ನಮ್ಮ ವಂಶದ ಮೇಲಿದೆ, ಬಿಡುಗಡೆ ಪ್ರಾರ್ಥನೆ ಮಾಡಿಸಬೇಕು ಎನ್ನುತ್ತಾರೆ. ಆ ಸಾಲಿಗೂ ನನ್ನ ತಾತನಿಗೂ ಏನಾದರೂ ಸಂಬಂಧ ಇದೆಯೇ?

ಉತ್ತರ: ಇದೆಯಮ್ಮ. ಇಡೀ ಪ್ರಮಾಣದಲ್ಲಿ ನಿಮ್ಮ ತಾತ ಇರುವ ಕಡೆಗೆ ನೇರವಾಗಿ ತಿರುಗಿ ಮಾತಾಡುವ ಸಾಲು ಅದೊಂದೇ. ಅದನ್ನೇ ಬಿಡಿ ಎಂದು ನಿಮಗೆ ಹೇಳಿದ್ದಾರೆ!

ಯೇಸು ಸತ್ತ ಮೇಲೆ, ಎದ್ದು ಬರುವ ಮೊದಲು, ಪಾತಾಳಕ್ಕೆ ಇಳಿದನು ಎಂಬುದು ಆ ಸಾಲು. ಮೊದಲು ಪದ ನೋಡಿ. ಇಲ್ಲಿ ಪಾತಾಳ ಎಂದರೆ ನರಕವಲ್ಲ. ಹೀಬ್ರೂವಿನಲ್ಲಿ ಶೆಯೋಲ್, ಗ್ರೀಕಿನಲ್ಲಿ ಹೇಡೀಸ್: ಒಳ್ಳೆಯವರು ಕೆಟ್ಟವರು ಎನ್ನದೆ ಸತ್ತವರೆಲ್ಲ ಹೋಗಿ ಸೇರುವ ತಾಣ. ದಂಡನೆಯ ಜಾಗಕ್ಕೆ ಗೆಹೆನ್ನ ಎಂಬ ಬೇರೆಯೇ ಹೆಸರಿದೆ. ನಮ್ಮ ಕನ್ನಡ ಬೈಬಲು ಮೊದಲನೆಯದಕ್ಕೆ ಪಾತಾಳ, ಎರಡನೆಯದಕ್ಕೆ ನರಕ ಎಂದು ಬೇರ್ಪಡಿಸಿಟ್ಟಿದೆ. ಹಳೆಯ ಇಂಗ್ಲಿಷ್ ಅನುವಾದ ಎರಡನ್ನೂ ‘ಹೆಲ್’ ಎಂಬ ಒಂದೇ ಮಾತಿನಲ್ಲಿ ತುರುಕಿತು. ಇಂಗ್ಲಿಷಿನಲ್ಲಿ ಓದಿ ಬಂದು ಕನ್ನಡದಲ್ಲಿ ಪ್ರಸಂಗ ಮಾಡುವವರು ಆ ಗೊಂದಲವನ್ನು ನಮ್ಮ ಕಿವಿಗೂ ತುಂಬಿದರು. ಲ್ಯಾಟಿನ್ನಿನ ‘ಆದ್ ಇನ್ಫೆರೋಸ್’ ಎಂಬ ಪಾಠವನ್ನು ಅಕ್ಷರಕ್ಕಕ್ಷರ ತಂದರೆ ‘ಕೆಳಗಿರುವವರ ಬಳಿಗೆ’ ಎಂದಾಗುತ್ತದೆ. ಜಾಗದ ಮಾತು ಕೂಡ ಅಲ್ಲ, ಜನರ ಮಾತು. ಕೊರಿಯಾದ ಕ್ಯಾಥೊಲಿಕರು ಇದಕ್ಕೆ ‘ಜೊಸುಂಗ್’ ಎಂಬ ಪದ ಇಟ್ಟುಕೊಂಡಿದ್ದಾರೆ. ಸತ್ತವರು ಹೋಗುವ ‘ಆ ಲೋಕ’ಕ್ಕೆ ಅಲ್ಲಿನ ಹಳ್ಳಿಯ ಅಜ್ಜಿಯೂ ಬಳಸುವ ಪದ ಅದು. ಅದೇ ದೇಶದ ಪ್ರೊಟೆಸ್ಟೆಂಟರು ಸಾಮಾನ್ಯವಾಗಿ ಹೇಳುವ ಪಾಠದಲ್ಲಿ ಈ ಸಾಲೇ ಇಲ್ಲ. ಪೂರ್ವಿಕರ ನೆನಪು ಅಷ್ಟು ಆಳವಾಗಿ ಬೇರೂರಿದ ನಾಡಿನಲ್ಲಿ ಈ ಸಾಲು ಬಿಟ್ಟುಹೋಗಿದ್ದು ದೊಡ್ಡ ನಷ್ಟವೆಂದೇ ನನ್ನ ಎಣಿಕೆ.

‘ಆಮೇಲೆ ಸೇರಿಸಿದ್ದು’ ಎಂಬ ಮಾತಿಗೆ ಬರೋಣ. ರೋಮಿನ ಹಳೆಯ ಪ್ರಮಾಣದಲ್ಲಿ ಇದು ಇರಲಿಲ್ಲ, ನಿಜ. ಇಟಲಿಯ ಅಕ್ವಿಲೇಯದವನಾದ ರೂಫಿನಸ್ ಸುಮಾರು 404ರಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿಟ್ಟಿದ್ದಾನೆ: ನಮ್ಮೂರಿನ ಪ್ರಮಾಣದಲ್ಲಿ ಈ ಸಾಲಿದೆ, ರೋಮಿನದರಲ್ಲಿಲ್ಲ ಎಂದು. ಆದರೆ ಅದಕ್ಕೂ ಮೊದಲು, 359ರಲ್ಲಿ ಸಿರ್ಮಿಯಂ ಎಂಬಲ್ಲಿ ಬರೆದ ಒಂದು ಪ್ರಮಾಣದಲ್ಲಿ ಇದೇ ಮಾತು ಬಂದಿದೆ. ಆತನನ್ನು ಕಂಡು ಪಾತಾಳದ ಬಾಗಿಲು ಕಾಯುವವರು ನಡುಗಿದರು ಎಂದೂ ಅದರಲ್ಲಿದೆ. ಬರೆದವನು ಅರೆಥೂಸದ ಬಿಷಪ್ ಮಾರ್ಕ್, ಸಿರಿಯಾದವನು. ಯೇಸು ತಂದೆಯೊಂದಿಗೆ ಒಂದೇ ಸತ್ವ ಎಂದ 325ರ ನೈಸೀಯ ಮಹಾಸಭೆಯ ಬೋಧನೆಯನ್ನು ಬದಿಗೆ ಸರಿಸಲು ಆ ಪ್ರಮಾಣ ಹುಟ್ಟಿದ್ದು, ಸಭೆ ಅದನ್ನು ಉಳಿಸಿಕೊಳ್ಳಲಿಲ್ಲ. ಹಾಗಿದ್ದರೂ ಈ ಸಾಲು ಮಾತ್ರ ಉಳಿಯಿತು, ಏಕೆಂದರೆ ಪೂರ್ವದ ಜನ ಅದನ್ನು ಮೊದಲಿನಿಂದಲೂ ನಂಬಿ ಹಾಡುತ್ತಿದ್ದರು. ಪರ್ಷಿಯಾ ಸಾಮ್ರಾಜ್ಯದೊಳಗೆ ಬದುಕಿದ ಕ್ರೈಸ್ತ ಲೇಖಕ ಅಫ್ರಹಾತ್ 344ರ ಸುಮಾರಿಗೆ ಸಿರಿಯಾಕ್ ಭಾಷೆಯಲ್ಲಿ ಈ ದೃಶ್ಯವನ್ನು ಬಿಡಿಸಿದ್ದಾನೆ. ಯೇಸು ಮರಣದ ಮನೆಯೊಳಕ್ಕೆ ಕಾಲಿಟ್ಟಾಗ ಮರಣಕ್ಕೆ ನಡುಕ ಹುಟ್ಟುತ್ತದೆ. ಕತ್ತಲಲ್ಲಿದ್ದ ಸತ್ತವರು ಬೆಳಕು ಕಂಡು ತಲೆ ಎತ್ತುತ್ತಾರೆ. 373ರಲ್ಲಿ ತೀರಿಕೊಂಡ ಸಿರಿಯಾಕ್ ಕವಿ ಎಫ್ರೇಮ್ ತನ್ನ ಹಾಡುಗಳಲ್ಲಿ ಮರಣ ಮತ್ತು ಸೈತಾನ ಇಬ್ಬರನ್ನೂ ಎದುರುಬದುರು ಕೂರಿಸಿ ಜಗಳಕ್ಕೆ ಬಿಟ್ಟಿದ್ದಾನೆ. ಇವರಿಬ್ಬರೂ ಏಷ್ಯಾದವರು, ರೋಮಿನ ಭಾಷೆಯಲ್ಲಿ ಬರೆದವರಲ್ಲ. ಈ ಸಾಲನ್ನು ಪರದೇಶದ್ದು ಎನ್ನುವವರು ಇವರನ್ನು ಒಮ್ಮೆ ಓದಲಿ.

ಈ ಪ್ರಶ್ನೆಯನ್ನು ಕೇಳಿದವರಲ್ಲಿ ನೀವೇ ಮೊದಲಿಗರೂ ಅಲ್ಲ. ಕ್ಯಾಥೊಲಿಕ್ ಧರ್ಮಪ್ರಚಾರಕ ಫ್ರಾನ್ಸಿಸ್ ಕ್ಸೇವಿಯರ್ 1549ರಲ್ಲಿ ಜಪಾನಿನ ಕಾಗೊಶಿಮಾದಲ್ಲಿ ಇಳಿದ. ಎರಡು ವರ್ಷ ಅಲ್ಲಿದ್ದು ಬಂದು, 1552ರ ಜನವರಿಯಲ್ಲಿ ಕೊಚ್ಚಿಯಿಂದ ಬರೆದ ಪತ್ರದಲ್ಲಿ ಹೊಸ ವಿಶ್ವಾಸಿಗಳ ದುಃಖವನ್ನು ದಾಖಲಿಸಿದ್ದಾನೆ. ನಮ್ಮ ತಂದೆ ತಾಯಿ, ಹೆಂಡತಿ ಮಕ್ಕಳು ಈ ಸುದ್ದಿ ಕೇಳದೆ ಸತ್ತರಲ್ಲ, ಅವರನ್ನು ಬಿಡಿಸಲು ದಾರಿಯೇ ಇಲ್ಲವೇ ಎಂದು ಅವರು ಕೇಳುತ್ತಿದ್ದರು. ದಾರಿಯಿಲ್ಲ ಎಂದು ಆತ ಉತ್ತರಿಸಿದ. ಅವರು ಅತ್ತರು. ಅವರು ಅಳುವುದನ್ನು ಕಂಡು ತನಗೂ ಸಂಕಟವಾಯಿತು ಎಂದು ಆತನೇ ಬರೆದುಕೊಂಡಿದ್ದಾನೆ. ನಾನು ಆ ಪತ್ರವನ್ನು ತರಗತಿಯಲ್ಲಿ ಎಷ್ಟೋ ಸಲ ಓದಿಸಿದ್ದೇನೆ. ಪ್ರತಿ ಸಲವೂ ಆ ಜಾಗಕ್ಕೆ ಬಂದಾಗ ನನಗೆ ತೋಚುವುದು ಇಷ್ಟೇ: ‘ಪಾತಾಳಕ್ಕೆ ಇಳಿದನು’ ಎಂದು ದಿನಾ ಹೇಳುತ್ತಿದ್ದ ಆ ದೊಡ್ಡ ಮನುಷ್ಯನಿಗೆ, ಅಳುವವರ ಮುಂದೆ ನಿಂತ ಹೊತ್ತಿನಲ್ಲಿ ಆ ಮಾತು ನೆನಪಿಗೆ ಬರಬಾರದಿತ್ತೇ?

ಈ ಗಾಯ ಅಲ್ಲಿಗೇ ಮಾಯಲಿಲ್ಲ. ಸತ್ತ ಪೂರ್ವಿಕರಿಗೆ ಸಲ್ಲಿಸುವ ವಿಧಿಗಳನ್ನು ರೋಮ್, ಅಂದರೆ ಕ್ಯಾಥೊಲಿಕ್ ಸಭೆಯ ಆಡಳಿತ, 1742ರಲ್ಲಿ ಖಡಾಖಂಡಿತವಾಗಿ ನಿಷೇಧಿಸಿತು. 1791ರಲ್ಲಿ ಕೊರಿಯಾದ ಯುನ್ ಜಿ-ಚುಂಗ್ ಎಂಬಾತ ತಾಯಿ ಸತ್ತಾಗ ವಿಧಿ ನಡೆಸದೆ, ಪೂರ್ವಿಕರ ಹೆಸರಿನ ಫಲಕಗಳನ್ನು ಸುಟ್ಟಿದ್ದಕ್ಕೆ ಮರಣದಂಡನೆಗೆ ಗುರಿಯಾದ. ಆತನ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ 1939ರಲ್ಲಿ ಅದೇ ರೋಮ್ ನಿಷೇಧವನ್ನು ಸಡಿಲಿಸಿ, ಸತ್ತ ಹಿರಿಯರ ಚಿತ್ರದ ಮುಂದೆ ಬಾಗುವುದು ಗೌರವ, ಪೂಜೆಯಲ್ಲ ಎಂದು ಒಪ್ಪಿಕೊಂಡಿತು. ನಡುವೆ ಸುಮಾರು ಇನ್ನೂರು ವರ್ಷ. ಅಷ್ಟು ಕಾಲವೂ ಈ ಸಾಲು ಪ್ರಮಾಣದಲ್ಲೇ ಇತ್ತು, ಬಾಯಲ್ಲೂ ಇತ್ತು.

ಈಗ ನಿಮ್ಮ ತಾತ. ಈ ಸಾಲು ಅವರಿಗೆ ರಕ್ಷಣೆ ಸಿಕ್ಕಿತು ಎಂದು ಸರ್ಟಿಫಿಕೇಟ್ ಕೊಡುವುದಿಲ್ಲ. ಹಾಗೆ ಕೊಡುತ್ತದೆ ಎನ್ನುವ ಮೃದುಮಾತಿನವರನ್ನೂ ನಂಬಬೇಡಿ. ಅವರು ನಾಶವಾದರು ಎಂದು ತೀರ್ಪು ಕೊಡುವ ಅಧಿಕಾರವನ್ನೂ ಅದು ಯಾರ ಕೈಗೂ ಕೊಟ್ಟಿಲ್ಲ. ಅದು ಹೇಳುವುದು ಒಂದು ಮಾತು: ಸತ್ತವರಿರುವ ಜಾಗ ಕ್ರಿಸ್ತನಿಗೆ ಹೊರಗಲ್ಲ, ಆತನು ಅಲ್ಲಿಗೆ ಹೋಗಿದ್ದಾನೆ. ಪೇತ್ರನ ಮೊದಲನೆಯ ಪತ್ರಿಕೆಯ ಮೂರನೆಯ, ನಾಲ್ಕನೆಯ ಅಧ್ಯಾಯಗಳನ್ನು ಓದಿಕೊಳ್ಳಿ. ಸೆರೆಯಲ್ಲಿದ್ದ ಆತ್ಮಗಳಿಗೂ ಸಾರಿದನು, ಸತ್ತವರಿಗೂ ಸುವಾರ್ತೆ ಸಾರಲಾಯಿತು ಎಂದಿದೆ. ಇದರ ಅರ್ಥದ ಬಗ್ಗೆ ವಿದ್ವಾಂಸರ ವಾದ ಮುಗಿದಿಲ್ಲ. ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನನಂತಹ ದೊಡ್ಡವರು ಇದನ್ನು ಶಿಲುಬೆಯ ಮೇಲಿನ ಯಾತನೆ ಎಂದೇ ವಿವರಿಸಿದರು. ನಾನು ಆರ್ಥಡಾಕ್ಸ್, ಸಿರಿಯಾಕ್ ಮುಂತಾದ ಪೂರ್ವದ ಸಭೆಗಳ ಕಡೆಯವನು.

ಅವರ ಪುನರುತ್ಥಾನದ ಚಿತ್ರ ಸಿಕ್ಕರೆ ಹತ್ತಿರದಿಂದ ನೋಡಿ. ಇಸ್ತಾಂಬುಲಿನಲ್ಲಿ ಹಿಂದೆ ಖೋರಾ ದೇಗುಲವಾಗಿದ್ದ ಕಟ್ಟಡದ ಗೋಡೆಯ ಮೇಲೆ 14ನೇ ಶತಮಾನದ ಒಂದಿದೆ. ಖಾಲಿ ಸಮಾಧಿಯ ಬದಲು ಪಾತಾಳವನ್ನೇ ಬರೆದಿದ್ದಾರೆ. ಮುರಿದ ಬಾಗಿಲುಗಳು ಕ್ರಿಸ್ತನ ಕಾಲಡಿ ಬಿದ್ದಿವೆ. ಸುತ್ತ ಬೀಗ, ಚಿಲಕಗಳು ಚೆಲ್ಲಾಪಿಲ್ಲಿಯಾಗಿವೆ. ಒಂದು ಕೈಯಲ್ಲಿ ಆದಾಮನನ್ನೂ ಇನ್ನೊಂದರಲ್ಲಿ ಹವ್ವಳನ್ನೂ ಸಮಾಧಿಯಿಂದ ಎಳೆಯುತ್ತಿದ್ದಾನೆ. ಹಿಡಿದಿರುವುದು ಅಂಗೈಯನ್ನಲ್ಲ, ಮಣಿಕಟ್ಟನ್ನು. ಸತ್ತವರು ತಾವಾಗಿ ಕೈ ಹಿಡಿಯಲಾರರು, ಹಿಡಿತವೆಲ್ಲ ಆತನದು. ಆದಾಮ ಯಾರು? ಎಲ್ಲರಿಗೂ ಮೊದಲಿನ ತಾತ. ಆತನೂ ಯೇಸುವಿನ ಹೆಸರು ಕೇಳದೆ ಸತ್ತವನೇ.

ಒಂದು ಶವಸಂಸ್ಕಾರದಲ್ಲಿ ನಾನು ಕಂಡದ್ದನ್ನು ಹೇಳದೆ ಇರಲಾರೆ. ಸತ್ತವರು ಕ್ರೈಸ್ತರಾಗಿರಲಿಲ್ಲ, ಮಗಳು ಆಗಿದ್ದಳು. ಅವಳ ಸಭೆಯವರು ಸಮಾಧಾನ ಹೇಳಲು ಬಂದಿದ್ದರು. ಬೋಧಕ ಬೈಬಲು ತೆರೆದು, ನಿನ್ನ ತಂದೆ ಈಗ ಎಲ್ಲಿದ್ದಾರೆ ಗೊತ್ತಲ್ಲ, ನೀನಾದರೂ ಉಳಿದೆ ಎಂದು ಸ್ತೋತ್ರ ಮಾಡು ಎಂದ. ಆಕೆ ಹೂವಿನ ಬುಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟು ಒಳಕ್ಕೆ ಹೋದಳು. ಆಮೇಲೆ ಆ ಸಭೆಗೆ ಬರಲಿಲ್ಲ. ಅಲ್ಲಿದ್ದೂ ನಾನು ಬಾಯಿ ತೆರೆಯಲಿಲ್ಲ ಎಂಬುದು ಇಂದಿಗೂ ನನ್ನನ್ನು ಕೊರೆಯುತ್ತದೆ. ಅದಕ್ಕೇ ಈ ವಿಷಯದಲ್ಲಿ ನನ್ನ ದನಿ ಗಡುಸು.

ಶಾಪ ಬಿಡಿಸುವ ಆ ಎರಡನೆಯವರ ಬಾಗಿಲು ತುಳಿಯಬೇಡಿ. ವಂಶವೃಕ್ಷ ಬರೆಸಿಕೊಂಡು, ಯಾವ ತಲೆಮಾರಿನಲ್ಲಿ ಯಾವ ದೋಷ ಎಂದು ಪಟ್ಟಿ ಮಾಡಿ, ಒಂದೊಂದಕ್ಕೂ ಪ್ರಾರ್ಥನೆ, ಉಪವಾಸ, ಕಾಣಿಕೆ ಎಂದು ಲೆಕ್ಕ ಹಾಕುವುದು ಸುವಾರ್ತೆಯಲ್ಲ, ದುಃಖದ ಮೇಲಿನ ವ್ಯಾಪಾರ. ವಿಮೋಚನಕಾಂಡ 20ರ ‘ಮೂರು ನಾಲ್ಕು ತಲೆಗಳವರೆಗೆ’ ಎಂಬ ವಚನವನ್ನು ಅವರು ಎತ್ತಿ ತೋರಿಸುತ್ತಾರೆ. ಅದರ ಮುಂದಿನ ವಚನವನ್ನೇ ಓದುವುದಿಲ್ಲ, ಅಲ್ಲಿ ದಯೆ ಸಾವಿರ ತಲೆಗಳವರೆಗೆ ಹೋಗುತ್ತದೆ. ಯೆಹೆಜ್ಕೇಲನ 18ನೇ ಅಧ್ಯಾಯವನ್ನಂತೂ ಮುಟ್ಟುವುದೇ ಇಲ್ಲ. ಮಗ ತಂದೆಯ ದೋಷವನ್ನು ಹೊರುವುದಿಲ್ಲ ಎಂದು ಅಲ್ಲಿ ಬಿಡಿಸಿ ಹೇಳಿದೆ. ನಿಮ್ಮನ್ನು ಸಾಕಿದ ಮನುಷ್ಯನನ್ನೇ ನಿಮ್ಮ ಮನೆಯ ಶಾಪ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ತಾತನ ಫೋಟೊ ಗೋಡೆಯ ಮೇಲಿರಲಿ. ತೀರಿಕೊಂಡ ದಿನ ಹೆಸರು ಹಿಡಿದು ದೇವರಿಗೆ ಕೃತಜ್ಞತೆ ಹೇಳಿ, ಅವರ ಕಥೆಯನ್ನು ಮಕ್ಕಳಿಗೆ ಹೇಳಿ. ಅವರಿಂದ ವರ ಬೇಡುವುದು, ಅವರಿಗೆ ಎಡೆ ಇಡುವುದು ಬೇಡ. ಇಲ್ಲಿ ನಾನು ಸ್ವಲ್ಪ ಬಿಗಿ. ಇದಕ್ಕಿಂತ ಸಡಿಲವಾಗಿ ಹೇಳುವ ಒಳ್ಳೆಯ ಗುರುಗಳೂ ಏಷ್ಯಾದಲ್ಲಿದ್ದಾರೆ. ಭಾನುವಾರ ಮಾತ್ರ ಆ ಸಾಲು ಬಂದಾಗ ದನಿ ತಗ್ಗಿಸಬೇಡಿ.

ಪ್ರಶ್ನೆ: ಯೇಸುವನ್ನು ದೇವರು ಮಾಡಿದ್ದು 325ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ನಡೆಸಿದ ಮತದಾನವಂತೆ. ಪಾಶ್ಚಾತ್ಯ ರಾಜಕೀಯ ನಮಗೇಕೆ?

ಉತ್ತರ: ಆ 325ರ ಸಭೆ ಸೇರಿದ ನೈಸೀಯ ಇರುವುದು ಇಂದಿನ ತುರ್ಕಿಯ ಇಜ್ನಿಕ್‌ನಲ್ಲಿ, ಏಷ್ಯಾದ ನೆಲದಲ್ಲಿ. ಆ ಊರಿದ್ದ ಬಿಥೂನ್ಯ ಪ್ರಾಂತ್ಯದ ರೋಮನ್ ರಾಜ್ಯಪಾಲ ಪ್ಲಿನಿ, ಅದಕ್ಕೂ ಇನ್ನೂರು ವರ್ಷ ಮೊದಲು, ಕ್ರೈಸ್ತರು ನಸುಕಿನಲ್ಲಿ ಸೇರಿ ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ ಎಂದು ತನ್ನ ಚಕ್ರವರ್ತಿಗೆ ಪತ್ರ ಬರೆದಿದ್ದ. ಕಾನ್‌ಸ್ಟಂಟೈನನ ಆಳ್ವಿಕೆ ಮುಟ್ಟದ ಪರ್ಷಿಯಾದ ಸಭೆ 410ರಲ್ಲಿ ಸೆಲೂಕ್ಯ-ಕ್ಟೆಸಿಫೋನ್‌ನಲ್ಲಿ ಸೇರಿ ನೈಸೀಯದ ಪ್ರಮಾಣವನ್ನು ಒಪ್ಪಿಕೊಂಡಿತು. ‘ತಂದೆಯೊಂದಿಗೆ ಒಂದೇ ಸತ್ವ’ ಎಂಬ ಕಗ್ಗಂಟಿನ ಗ್ರೀಕ್ ಪದವನ್ನು ಆ ಸಭೆ ತನ್ನ ಸಿರಿಯಾಕ್‌ನಲ್ಲಿ ‘ಬರ್ ಕ್ಯಾನ’, ಅಂದರೆ ‘ಸ್ವಭಾವದ ಮಗ’, ಎಂದು ಎಷ್ಟು ಸಲೀಸಾಗಿ ಹೇಳಿತು ನೋಡಿ. ಅದೇ ಸಭೆಯವರು 635ರಲ್ಲಿ ಚೀನಾ ತಲುಪಿದರು. 781ರಲ್ಲಿ ಅವರು ನಿಲ್ಲಿಸಿದ ಶಿಲಾಶಾಸನ ಶಿಯಾನ್‌ನಲ್ಲಿ ಇಂದಿಗೂ ನಿಂತಿದೆ. ಅದರಲ್ಲಿ ತ್ರಯೇಕ ದೇವರಿಗೆ ಚೀನೀ ಲಿಪಿಯಲ್ಲಿ ‘ಮೂರು-ಒಂದು’ ಎಂದು ಕೆತ್ತಿದ್ದಾರೆ. ಪಾಶ್ಚಾತ್ಯ ಎಂಬ ಮಾತನ್ನು ಇನ್ನು ನಿಲ್ಲಿಸಿ.

ಪ್ರಶ್ನೆ: ಹನ್ನೆರಡು ಅಪೊಸ್ತಲರು ಒಬ್ಬೊಬ್ಬರು ಒಂದೊಂದು ಸಾಲು ಹೇಳಿದ್ದಂತೆ, ನಿಜವೇ?

ಉತ್ತರ: ಅಲ್ಲ. ಕಟ್ಟುಕಥೆ.

ಪ್ರಶ್ನೆ: ಪ್ರಮಾಣವನ್ನು ಇಪ್ಪತ್ತೊಂದು ಸಲ ಹೇಳಿ ನೀರು ಮಂತ್ರಿಸಿ ಕೊಟ್ಟರೆ ಕಾಯಿಲೆ ಹೋಗುತ್ತದೆಯೇ?

ಉತ್ತರ: ಡಾಕ್ಟರ ಹತ್ತಿರ ಹೋಗಿ. ನೀರು ಕೊಟ್ಟವನ ಹತ್ತಿರ ಮತ್ತೆ ಹೋಗಬೇಡಿ.

ಪ್ರಶ್ನೆ: ನಾವು ಪ್ರೊಟೆಸ್ಟೆಂಟರು. ಪ್ರಮಾಣದಲ್ಲಿ ‘ಕಥೋಲಿಕ ಸಭೆ’ ಎಂದು ಏಕೆ ಹೇಳಬೇಕು?

ಉತ್ತರ: ಆ ಪದಕ್ಕೆ ‘ಸಾರ್ವತ್ರಿಕ’ ಎಂದರ್ಥ. ಸಭೆಗೆ ಆ ಪದವನ್ನು ಬಳಸಿದ ಅತಿ ಹಳೆಯ ಬರಹ ಅಂತಿಯೋಕ್ಯದ ಬಿಷಪ್ ಇಗ್ನಾತಿಯನದು, ಎರಡನೆಯ ಶತಮಾನದ ಆರಂಭದ್ದು.

ಪ್ರಶ್ನೆ: ಏಷ್ಯಾದ ಸಭೆಗಳು ತಮ್ಮದೇ ಹೊಸ ಪ್ರಮಾಣ ಬರೆದುಕೊಂಡರೆ ತಪ್ಪೇ?

ಉತ್ತರ: ಬರೆದುಕೊಂಡಿವೆ. ಇಂಡೋನೇಷ್ಯಾದ ಬತಕ್ ಸಭೆ 1951ರಲ್ಲಿ, ಜಪಾನಿನ ಐಕ್ಯ ಸಭೆ 1954ರಲ್ಲಿ. ಜಪಾನಿನವರು ತಮ್ಮ ಮಾತು ಮುಗಿಸುವುದೇ ಅಪೊಸ್ತಲರ ಪ್ರಮಾಣವನ್ನು ಪೂರ್ತಿಯಾಗಿ ಹೇಳಿ. 1947ರಲ್ಲಿ ದಕ್ಷಿಣ ಭಾರತ ಸಭೆ ಒಂದಾದಾಗಲೂ ಬೇರೆ ಬೇರೆ ಪರಂಪರೆಯವರನ್ನು ಕೂಡಿಸಿದ ನೆಲೆಗಟ್ಟುಗಳಲ್ಲಿ ಅಪೊಸ್ತಲರದು, ನೈಸೀಯದ್ದು ಎಂಬ ಈ ಎರಡು ಹಳೆಯ ಪ್ರಮಾಣಗಳು ಸೇರಿದ್ದವು. ಹೊಸದು ಬರೆಯಿರಿ, ಹಳೆಯದನ್ನು ಅಳಿಸಬೇಡಿ.

ಪ್ರಶ್ನೆ: ಪ್ರಮಾಣದಲ್ಲಿ ಕನ್ಯೆ ಮರಿಯಳಲ್ಲಿ ಹುಟ್ಟಿದನು ಎಂದವರು ನೇರವಾಗಿ ಮರಣದಂಡನೆ ಕೊಟ್ಟ ಪಿಲಾತನಿಗೆ ಹಾರುತ್ತಾರೆ. ಯೇಸು ಬಡವರ ಜೊತೆ ಉಂಡದ್ದು, ರೋಗಿಗಳನ್ನು ಮುಟ್ಟಿದ್ದು ಎಲ್ಲಿ ಹೋಯಿತು?

ಉತ್ತರ: ಈ ಸಲ ಬಂದ ಚಿಕ್ಕ ಪತ್ರಗಳಲ್ಲಿ ಇದೊಂದೇ ನನ್ನನ್ನು ತಡೆದು ನಿಲ್ಲಿಸಿತು. ನೀವು ಹೇಳುವುದು ಸರಿ, ಅಲ್ಲಿ ಒಂದು ಅಲ್ಪವಿರಾಮ ಮಾತ್ರ ಇದೆ. ಬಡತನದ ನಡುವೆ ಬದುಕುವ ಏಷ್ಯಾದ ಸಭೆಗಳಿಗೆ ಅದು ಚುಚ್ಚಲೇಬೇಕು. ಆದರೆ ಪ್ರಮಾಣ ಹುಟ್ಟಿದ್ದು ದೀಕ್ಷಾಸ್ನಾನದ ನೀರಿನಲ್ಲಿ, ನಂಬುತ್ತೀಯಾ ಎಂದು ಕೇಳಿದ್ದಕ್ಕೆ ಕೊಟ್ಟ ಉತ್ತರವಾಗಿ. ಯೆರೂಸಲೇಮಿನ ಬಿಷಪ್ ಕುರಿಲ್ಲ ಸುಮಾರು 350ರಲ್ಲಿ ದೀಕ್ಷಾಸ್ನಾನಕ್ಕೆ ಸಿದ್ಧರಾಗುತ್ತಿದ್ದ ತನ್ನ ಅಭ್ಯರ್ಥಿಗಳಿಗೆ, ಇದನ್ನು ಕಾಗದದಲ್ಲಿ ಬರೆದುಕೊಳ್ಳಬೇಡಿ, ಎದೆಯಲ್ಲಿ ಕೆತ್ತಿಕೊಳ್ಳಿ ಎಂದು ಹೇಳಿಕೊಟ್ಟ. ಆ ಜನ ಅದಕ್ಕೆ ಮೊದಲು ವಾರಗಟ್ಟಲೆ ಕೂತು ಶಾಸ್ತ್ರ ಕೇಳಿದವರು. ಮುಂದಿನ ಭಾನುವಾರ ನಿಮ್ಮ ಸಭೆಯಲ್ಲಿ ಪ್ರಮಾಣ ಹೇಳುವ ಮೊದಲು ಲೂಕನ ಸುವಾರ್ತೆಯಿಂದ ಒಂದು ಊಟದ ಪ್ರಸಂಗ ಓದಿಸಲು ಕೇಳಿ. ಐದನೆಯ ಅಧ್ಯಾಯದಲ್ಲಿ ಲೇವಿಯ ಮನೆಯದು ಇದೆ.