ಬಾದಾಮಿ ಗುಹೆಯೊಳಗಿನ ಪನೋರಮಾಕ್ಕೆ 10 ಎಂಎಂ ಲೆನ್ಸ್ ತಗೋಬೇಕಾ?

ಬೇಡ. ಆ ದುಡ್ಡನ್ನು ಪ್ರಯಾಣಕ್ಕೆ ಇಟ್ಟುಕೊಳ್ಳಿ. ನಿಮ್ಮ ಕೈಯಲ್ಲಿರುವ 18-55 ಕಿಟ್ ಲೆನ್ಸೇ ಸಾಕು. ಊರ ದೇವಸ್ಥಾನದ ಮಂಟಪದಲ್ಲಿ ಅಭ್ಯಾಸಕ್ಕೆಂದು ತೆಗೆದ ಫ್ರೇಮುಗಳನ್ನು ಜೋಡಿಸಿದರೆ ಕಂಬಗಳು ಮುರಿದಂತೆ ಬರುತ್ತಿವೆ, ಇದಕ್ಕೆ ವೈಡ್ ಲೆನ್ಸ್ ಮದ್ದೋ ಎಐ ಸಾಫ್ಟ್‌ವೇರ್ ಮದ್ದೋ ಎಂದು ಕೇಳಿದ್ದೀರಿ. ಎರಡೂ ಅಲ್ಲ. ಅಂಥವೇ ಮುರಿದ ಕಂಬಗಳನ್ನು ನಾನು ಬಾದಾಮಿಯಿಂದ ಮನೆಗೆ ತಂದಿದ್ದೇನೆ.

ಮೊದಲ ದಿನ ಸಂಜೆ ಉತ್ತರದ ಗುಡ್ಡ ಹತ್ತಿ ಮೇಲಿನ ಶಿವಾಲಯದ ಹತ್ತಿರ ನಿಂತು ಅಗಸ್ತ್ಯ ತೀರ್ಥದ ಕೆರೆ, ಊರು, ಎದುರಿನ ಗುಡ್ಡ ಮೂರನ್ನೂ ಸೇರಿಸಿ ಪನೋರಮಾ ತೆಗೆದೆ. ಕ್ಯಾಮೆರಾ ಕಣ್ಣಿಗೆ ಹಿಡಿದು, ಸೊಂಟ ತಿರುಗಿಸುತ್ತಾ ಆರು ಫ್ರೇಮು. ರಾತ್ರಿ ಲ್ಯಾಪ್‌ಟಾಪಿನಲ್ಲಿ ಜೋಡಿಸಿದರೆ ಎಲ್ಲಿ ಹೊಲಿಗೆ ಬಿದ್ದಿದೆ ಎಂದು ಹುಡುಕಿದರೂ ಸಿಗಲಿಲ್ಲ. ಅದೇ ಧೈರ್ಯದಲ್ಲಿ ಮಾರನೆಯ ಬೆಳಿಗ್ಗೆ ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಗೆ ಹೋದೆ. ಮೊಗಸಾಲೆಯ ಒಂದು ತುದಿಯಲ್ಲಿ ಶೇಷನ ಮೇಲೆ ಕೂತ ವಿಷ್ಣು, ಇನ್ನೊಂದು ತುದಿಯಲ್ಲಿ ತ್ರಿವಿಕ್ರಮ. ಇಬ್ಬರನ್ನೂ ನಡುವಿನ ಕಂಬಗಳ ಸಾಲಿನ ಸಮೇತ ಒಂದೇ ಚಿತ್ರದಲ್ಲಿ ಹಿಡಿಯಬೇಕೆಂದು ನಡುಮಧ್ಯೆ ನಿಂತು ಹಿಂದಿನ ಸಂಜೆಯ ಹಾಗೆಯೇ ತಿರುಗಿದೆ. ಹತ್ತಿರದ ಕಂಬ ನನ್ನಿಂದ ಒಂದು ಮೀಟರ್ ದೂರದಲ್ಲಿತ್ತು. ಮನೆಗೆ ಬಂದು ಜೋಡಿಸಿದಾಗ ಒಂದು ಕಂಬಕ್ಕೆ ಎರಡು ಬೋದಿಗೆ (ಕಂಬದ ತಲೆಯ ಕಲ್ಲು), ಇನ್ನೊಂದಕ್ಕೆ ಅರ್ಧ. ಮೇಲಿನ ತೊಲೆ ಮೆಟ್ಟಿಲಿನಂತೆ ಕತ್ತರಿಸಿಹೋಗಿತ್ತು.

ಆಗ ನಾನೂ ನಿಮ್ಮಂತೆ ಸಾಫ್ಟ್‌ವೇರನ್ನೇ ದೂರಿದೆ. ಎರಡು ಫ್ರೇಮುಗಳ ನಡುವೆ 20 ಕಂಟ್ರೋಲ್ ಪಾಯಿಂಟುಗಳಿದ್ದದ್ದನ್ನು, ಅಂದರೆ ಎರಡರಲ್ಲೂ ಒಂದೇ ಜಾಗ ಇದು ಎಂದು ತೋರಿಸುವ ಗುರುತುಗಳನ್ನು, 200ಕ್ಕೆ ಏರಿಸಿದೆ. ಜೋಡಣೆ ಸುಧಾರಿಸಲಿಲ್ಲ, ಸರಾಸರಿ ದೋಷ ಇನ್ನೂ ಏರಿತು. ಆಮೇಲೆ ಲೆನ್ಸ್ ನೇರ ಗೆರೆಗಳನ್ನು ಬಗ್ಗಿಸುವ ದೋಷ, ಡಿಸ್ಟಾರ್ಷನ್, ಎಂದುಕೊಂಡು ಅದನ್ನು ಸರಿಪಡಿಸುವುದರಲ್ಲಿ ವಾರ ಕಳೆದೆ. ತಪ್ಪು ಇದ್ದದ್ದು ನಾನು ತಿರುಗಿದ ರೀತಿಯಲ್ಲಿ. ಇದೊಂದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ಇದು ಅರ್ಥವಾದರೆ ಉಳಿದದ್ದು ಸಲೀಸು.

ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಹಿಂದಿನ ಗೋಡೆಯ ಮೇಲೆ ಅತ್ತಿತ್ತ ಜಿಗಿಯುತ್ತದೆ. ಎರಡು ಕಣ್ಣುಗಳ ನಡುವೆ ಇರುವ ಆರೇಳು ಸೆಂ.ಮೀ ಅಂತರಕ್ಕೇ ಇಷ್ಟು. ಕ್ಯಾಮೆರಾ ಹಿಡಿದು ಮೈ ತಿರುಗಿಸುವಾಗ ತಿರುಗಣೆಯ ಅಕ್ಷ ನಮ್ಮ ಬೆನ್ನುಮೂಳೆ. ಲೆನ್ಸ್ ಅದರಿಂದ ಸುಮಾರು 25 ಸೆಂ.ಮೀ ಮುಂದಿರುತ್ತದೆ. 30 ಡಿಗ್ರಿ ತಿರುಗಿದರೆ ಲೆನ್ಸ್ 13 ಸೆಂ.ಮೀ ಪಕ್ಕಕ್ಕೆ ಹೋಗುತ್ತದೆ. 24 ಮೆಗಾಪಿಕ್ಸೆಲಿನ ಎಪಿಎಸ್-ಸಿ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾದಲ್ಲಿ 18 ಎಂಎಂಗೆ ಲೆಕ್ಕ ಹಾಕಿ: 1 ಮೀಟರ್ ದೂರದ ಕಂಬ ಸುಮಾರು 595 ಪಿಕ್ಸೆಲ್ ಸರಿಯುತ್ತದೆ, 6 ಮೀಟರ್ ದೂರದ ಗೋಡೆ 99 ಪಿಕ್ಸೆಲ್. ಕಂಬ ಕೂಡಿಸಿದರೆ ಗೋಡೆ 500 ಪಿಕ್ಸೆಲಿನಷ್ಟು ತಪ್ಪುತ್ತದೆ, ಗೋಡೆ ಕೂಡಿಸಿದರೆ ಕಂಬ ತಪ್ಪುತ್ತದೆ. ಪಾಯಿಂಟುಗಳನ್ನು ಹೆಚ್ಚಿಸಿದಷ್ಟೂ ಈ ಜಗಳ ಹೆಚ್ಚುತ್ತದೆ. ಮೇಲಾಗಿ ಒಂದು ಫ್ರೇಮಿನಲ್ಲಿ ಕಂಬದ ಹಿಂದೆ ಮರೆಯಾಗಿದ್ದ ಶಿಲ್ಪ ಇನ್ನೊಂದರಲ್ಲಿ ಕಾಣುತ್ತಿರುತ್ತದೆ. ಚಿತ್ರವನ್ನು ಹೇಗೆ ಎಳೆದು ಬಗ್ಗಿಸಿದರೂ ಅದು ಕೂಡುವುದಿಲ್ಲ. ಗುಡ್ಡದ ಮೇಲೆ ಯಾಕೆ ಕೂಡಿತು? ಅಲ್ಲಿ ತೀರಾ ಹತ್ತಿರದ್ದೇ 100 ಮೀಟರ್ ಆಚೆ ಇತ್ತು. 100 ಮೀಟರಿನ ವಸ್ತುವಿಗೂ 500 ಮೀಟರಿನ ವಸ್ತುವಿಗೂ ವ್ಯತ್ಯಾಸ ಬರೀ 5 ಪಿಕ್ಸೆಲ್, ಅದನ್ನು ಬ್ಲೆಂಡಿಂಗ್, ಅಂದರೆ ಸಾಫ್ಟ್‌ವೇರ್ ಅಂಚುಗಳನ್ನು ಬೆರೆಸುವುದು, ನುಂಗಿಬಿಡುತ್ತದೆ.

ಹಾಗಾಗಿ ತಿರುಗಬೇಕಾದದ್ದು ನೀವಲ್ಲ, ಲೆನ್ಸಿನ ಸುತ್ತ ಕ್ಯಾಮೆರಾ. ಲೆನ್ಸಿನಲ್ಲಿ ನಿಖರವಾಗಿ ಎಲ್ಲಿ? ಎಂಟ್ರೆನ್ಸ್ ಪ್ಯೂಪಿಲ್ ಎಂಬ ಬಿಂದುವಿನಲ್ಲಿ. ಬಹಳ ಜನ ಇದನ್ನು ನೋಡಲ್ ಪಾಯಿಂಟ್ ಎನ್ನುತ್ತಾರೆ, ಅದು ಬೇರೆ. ಮುಂದಿನ ಗಾಜಿನಿಂದ ಇಣುಕಿದರೆ ಅಪರ್ಚರಿನ ತೂತು ಒಳಗೆ ಒಂದು ಆಳದಲ್ಲಿ ತೇಲಿದಂತೆ ಕಾಣುತ್ತದಲ್ಲ, ಆ ಆಳವೇ ಅದು. ಅಳೆಯಲು ಒಂದಡಿ ಉದ್ದದ ಹಲಗೆ ಸಾಕು. ಹಲಗೆಗೆ ಒಂದು ಮೊಳೆ ಹೊಡೆದು, ಅದು ಮೇಜಿನ ಮೇಲೆ ಆ ಮೊಳೆಯ ಸುತ್ತ ತಿರುಗುವಂತೆ ಮಾಡಿ. ಜೂಮ್ ರಿಂಗನ್ನು 18ಕ್ಕೆ ಟೇಪ್ ಹಾಕಿ ಬಿಗಿಯಿರಿ, ಏಕೆಂದರೆ ಜೂಮ್ ಬದಲಾದರೆ ಬಿಂದುವೂ ಬದಲಾಗುತ್ತದೆ. ಕ್ಯಾಮೆರಾವನ್ನು ಹಲಗೆಯ ಮೇಲಿಟ್ಟು, ಅರ್ಧ ಮೀಟರ್ ದೂರದ ಕಿಟಕಿ ಸರಳೂ ಬೀದಿಯಾಚೆಯ ಕರೆಂಟ್ ಕಂಬವೂ ಒಂದೇ ಗೆರೆಯಲ್ಲಿ ಕಾಣುವಂತೆ ಹೊಂದಿಸಿ. ಈಗ ಹಲಗೆಯನ್ನು ಬಲಕ್ಕೆ ತಿರುಗಿಸಿ. ಸರಳು ಕಂಬಕ್ಕಿಂತ ಎಡಕ್ಕೆ ಸರಿದರೆ ಬಿಂದು ಮೊಳೆಗಿಂತ ಮುಂದಿದೆ ಎಂದರ್ಥ, ಕ್ಯಾಮೆರಾ ಹಿಂದಕ್ಕೆ ಜಾರಿಸಿ. ಬಲಕ್ಕೆ ಸರಿದರೆ ಮುಂದಕ್ಕೆ. ಎರಡೂ ಕದಲದೆ ಒಟ್ಟಿಗೇ ನಿಲ್ಲುವ ಜಾಗ ಸಿಕ್ಕಾಗ ಮೊಳೆಯ ನೇರಕ್ಕೆ ಲೆನ್ಸಿನ ಮೇಲೆ ಗುರುತು ಹಾಕಿ. ಮುಂದಿನ ಗಾಜಿನಿಂದ ಕೆಲವೇ ಸೆಂ.ಮೀ ಹಿಂದಿನಿಂದ ಹುಡುಕಾಟ ಶುರುಮಾಡಿದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಇದಕ್ಕೆಂದೇ ತಯಾರಾದ ಪನೋರಮಾ ಹೆಡ್ ಸಿಗುತ್ತದೆ. ಆದರೆ ಅದಕ್ಕೆ ಟ್ರೈಪಾಡ್ ಬೇಕು, ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಮುಂಚಿತವಾಗಿ ಅನುಮತಿ ಬೇಕು. ನಾನು ಬಳಸುವುದು ದಾರ. ಗಾರೆ ಕೆಲಸದವರು ಗೋಡೆಯ ನೇರ ನೋಡಲು ಇಳಿಬಿಡುವ ಗುಂಡಿನ ಹಾಗೆಯೇ. ಲೆನ್ಸಿನ ಗುರುತಿನ ಮೇಲೆ ರಬ್ಬರ್ ಬ್ಯಾಂಡ್, ಅದಕ್ಕೆ ಗಟ್ಟಿ ದಾರ, ದಾರದ ತುದಿಗೆ ಒಂದು ದೊಡ್ಡ ನಟ್. ಉದ್ದ ಎಷ್ಟಿರಬೇಕೆಂದರೆ ಕ್ಯಾಮೆರಾ ಕಣ್ಣಿಗೆ ಹಿಡಿದಾಗ ನಟ್ ನೆಲದಿಂದ ಒಂದು ಬೆರಳಷ್ಟು ಮೇಲಿರಬೇಕು. ನೆಲದ ಮೇಲೆ ಒಂದು ನಾಣ್ಯ. ಪ್ರತಿ ಫ್ರೇಮಿಗೂ ನಟ್ ನಾಣ್ಯದ ಮೇಲೇ ಇರುವಂತೆ ನೋಡಿಕೊಂಡು, ನೀವು ಲೆನ್ಸಿನ ಸುತ್ತ ಹೆಜ್ಜೆ ಹಾಕಬೇಕು. ಮೊದಲ ಹತ್ತು ಸಲ ಕೈಕಾಲು ಹೊಂದುವುದಿಲ್ಲ, ಆಮೇಲೆ ರೂಢಿಯಾಗುತ್ತದೆ. ನಟ್ ತೂಗಾಡುವುದು ನಿಂತ ಮೇಲೆ ಕ್ಲಿಕ್ ಮಾಡಿ. 1 ಸೆಂ.ಮೀ ತಪ್ಪಿದರೆ ಮೇಲೆ ಹೇಳಿದ ಕಂಬ ಮತ್ತು ಗೋಡೆಯ ನಡುವಿನ ಜಗಳ 38 ಪಿಕ್ಸೆಲಿಗೆ ಇಳಿಯುತ್ತದೆ. 500 ಎಲ್ಲಿ, 38 ಎಲ್ಲಿ. ಹತ್ತಿರದ ವಸ್ತು 30 ಮೀಟರಿಗಿಂತ ಈಚೆ ಇರುವ ಕಡೆಯೆಲ್ಲ ದಾರ ಹಾಕಿ. ಪಟ್ಟದಕಲ್ಲಿನ ಹುಲ್ಲುಹಾಸಿನಲ್ಲಿ ದೂರ ನಿಂತು ತೆಗೆಯುವಾಗ ಬೇಕಿಲ್ಲ. ಬಾದಾಮಿಯಲ್ಲಿ ಮಂಗಗಳಿವೆ, ಪ್ಲಾಸ್ಟಿಕ್ ಚೀಲವನ್ನು ನೆಲದ ಮೇಲಿಟ್ಟು ಈ ಕೆಲಸಕ್ಕೆ ನಿಲ್ಲಬೇಡಿ.

ಕ್ಯಾಮೆರಾ ಉದ್ದುದ್ದ ಹಿಡಿಯಿರಿ. 18 ಎಂಎಂನಲ್ಲಿ ಆಗ ಅಗಲಕ್ಕೆ 47 ಡಿಗ್ರಿ, ಎತ್ತರಕ್ಕೆ 66 ಡಿಗ್ರಿ ಸಿಗುತ್ತದೆ. 30 ಡಿಗ್ರಿಗೊಂದು ಫ್ರೇಮಿನಂತೆ ಆರು ತೆಗೆದರೆ 197 ಡಿಗ್ರಿ, ಅಂದರೆ ಮೊಗಸಾಲೆಯ ಈ ತುದಿಯಿಂದ ಆ ತುದಿ. ಮೇಲ್ಛಾವಣಿಯ ಕೆತ್ತನೆಯೂ ಬೇಕಿದ್ದರೆ 45 ಡಿಗ್ರಿ ಮೇಲಕ್ಕೆ ಮುಖ ಮಾಡಿ ಇನ್ನೊಂದು ಸಾಲು.

ಎಲ್ಲವೂ ಮ್ಯಾನ್ಯುಯಲ್. ಎಫ್/8 ಇಟ್ಟು 2 ಮೀಟರಿಗೆ ಫೋಕಸ್ ಮಾಡಿ ಅಲ್ಲೇ ಬಿಟ್ಟರೆ 1 ಮೀಟರಿನಿಂದ ಅನಂತದವರೆಗೂ ಚೊಕ್ಕವಾಗಿರುತ್ತದೆ. ಈ ಗುಹೆಗಳು ದಕ್ಷಿಣದ ಗುಡ್ಡದಲ್ಲಿ ಉತ್ತರಕ್ಕೆ ಮುಖ ಮಾಡಿವೆ, ಹಾಗಾಗಿ ಒಳಗೆ ನೇರ ಬಿಸಿಲು ಕಡಿಮೆ. ಹೊರಗಿನ ನೆಲಕ್ಕೆ ಬಿದ್ದು ಪುಟಿದ ಬೆಳಕೇ ಛಾವಣಿಯನ್ನು ಬೆಳಗುವುದು. ಹೊರಗಿನ ಆಕಾಶಕ್ಕೂ ಒಳಗೋಡೆಗೂ ಇರುವ ಅಂತರವನ್ನು ಒಂದೇ ಎಕ್ಸ್‌ಪೋಶರ್ ಹಿಡಿಯುವುದಿಲ್ಲ. ಪ್ರತಿ ದಿಕ್ಕಿಗೂ ಮೂರು ತೆಗೆಯಿರಿ: ಐಎಸ್‌ಓ 1600ರಲ್ಲಿ 1/500, 1/125, 1/30 ಸೆಕೆಂಡಿನಿಂದ ಶುರುಮಾಡಿ ಹಿಸ್ಟೋಗ್ರಾಮ್ (ಕ್ಯಾಮೆರಾ ತೋರಿಸುವ ಬೆಳಕಿನ ಹಂಚಿಕೆಯ ನಕ್ಷೆ) ನೋಡಿ ಹೊಂದಿಸಿ. 18 ಎಂಎಂನಲ್ಲಿ ಬರಿಗೈಗೆ 1/30ಕ್ಕಿಂತ ನಿಧಾನ ಬೇಡ. ನಾಯ್ಸ್ ಬರುತ್ತದೆಂದು ಐಎಸ್‌ಓ ಇಳಿಸಿ ಅಲುಗಾಡಿದ ಚಿತ್ರ ತರಬೇಡಿ. ನಾಯ್ಸ್ ತೆಗೆಯಬಹುದು, ಅಲುಗಾಟ ತೆಗೆಯಲಾಗದು. ಆಟೋ ಐಎಸ್‌ಓ ಆಫ್ ಮಾಡಿ. ಶಟರ್ ಪ್ರಯಾರಿಟಿಯಲ್ಲಿ ಬ್ರ್ಯಾಕೆಟ್ ಮಾಡಿದರೆ (ಹೀಗೆ ಮೂರು ಬೆಳಕಿನಲ್ಲಿ ತೆಗೆದರೆ) ಬದಲಾಗುವುದು ಅಪರ್ಚರ್, ಮೂರು ಫ್ರೇಮಿಗೆ ಮೂರು ಬಗೆಯ ಫೋಕಸ್ ಆಳ ಬರುತ್ತದೆ, ಕೂಡಿಸಿದಾಗ ಅಂಚುಗಳು ಮಸುಕು. ವೈಟ್ ಬ್ಯಾಲೆನ್ಸ್ ಡೇಲೈಟಿಗೆ ಕಟ್ಟಿಹಾಕಿ. ಆಟೋದಲ್ಲಿ ಬಿಟ್ಟರೆ ಆ ಕೆಂಪು ಮರಳುಗಲ್ಲನ್ನು ಕ್ಯಾಮೆರಾ ಒಂದು ಫ್ರೇಮಿನಲ್ಲಿ ಕಂದು, ಇನ್ನೊಂದರಲ್ಲಿ ಬೂದು ಮಾಡುತ್ತದೆ. ರಾ ಫೈಲೇ ತೆಗೆಯಿರಿ.

ಇದರ ಮೇಲೆ ಒಂದು ಕಿವಿಮಾತು: ಹತ್ತಿರದ ಪ್ರತಿಯೊಂದು ಕಂಬವೂ ಯಾವುದಾದರೂ ಒಂದು ಫ್ರೇಮಿನ ನಡುವೆ ಪೂರ್ತಿಯಾಗಿ ಬರಲಿ, ಅದಕ್ಕಾಗಿ ಒಂದೆರಡು ಹೆಚ್ಚಿನ ಫ್ರೇಮು ಬೇಕಾದರೂ ಸರಿ. ಹೊಲಿಗೆ ಕಂಬವನ್ನು ದಾಟದೆ ಹಿಂದಿನ ಬರಿ ಗೋಡೆಯ ಮೇಲೆ ಬೀಳುವಂತೆ ಆಮೇಲೆ ಮಾಸ್ಕ್ ಹಾಕಬಹುದು. ಜನ ಅಡ್ಡ ಬಂದರೆ ಅವರು ಸರಿದ ಮೇಲೆ ಅದೇ ದಿಕ್ಕಿಗೆ ಮತ್ತೊಮ್ಮೆ ತೆಗೆಯಿರಿ.

ಮನೆಯಲ್ಲಿ ಮೊದಲು ರಾಥೆರಪಿ, ರಾ ಫೈಲ್ ತೆರೆಯುವ ತಂತ್ರಾಂಶ. ಎಲ್ಲ ಫ್ರೇಮುಗಳಿಗೂ ಒಂದೇ ಸೆಟ್ಟಿಂಗ್, 16 ಬಿಟ್ ಟಿಫ್. ಇಲ್ಲಿ ಕ್ರಾಪ್ ಮಾಡಬಾರದು, ಪರ್ಸ್‌ಪೆಕ್ಟಿವ್ ಮುಟ್ಟಬಾರದು. ಮಾಡಿದರೆ ಮುಂದೆ ಫ್ರೇಮು ಜೋಡಿಸುವ ಹ್ಯೂಗಿನ್‌ನ ಲೆನ್ಸ್ ಲೆಕ್ಕ ಕೆಡುತ್ತದೆ. ಒಂದು ಟಿಫ್ ಸುಮಾರು 144 ಎಂಬಿ, 18 ಫೈಲಿಗೆ 2.6 ಜಿಬಿ, ಡಿಸ್ಕಿನಲ್ಲಿ ಅದರ ಕೆಲವು ಪಟ್ಟು ಜಾಗ ಖಾಲಿ ಇಟ್ಟುಕೊಳ್ಳಿ. ಆಮೇಲೆ ಹ್ಯೂಗಿನ್. ಹೆಲ್ಮುಟ್ ಡೆರ್ಶ್ 1998ರಲ್ಲಿ ಶುರುಮಾಡಿದ ಪನೋರಮಾ ಟೂಲ್ಸ್ ಮೇಲೆ ನಿಂತ ಉಚಿತ ತಂತ್ರಾಂಶ ಇದು. ಹಣ ಕೊಟ್ಟು ಕೊಳ್ಳುವ ಎಷ್ಟೋ ತಂತ್ರಾಂಶಗಳು ಮುಚ್ಚಿಡುವ ತಿರುಪುಗಳನ್ನೆಲ್ಲ ಇದು ತೆರೆದಿಡುತ್ತದೆ ಎಂಬ ಕಾರಣಕ್ಕೇ ನನಗೆ ಇಷ್ಟ. ಒಂದು ದಿಕ್ಕಿನ ಮೂರು ಎಕ್ಸ್‌ಪೋಶರುಗಳನ್ನು ಒಂದು ಸ್ಟ್ಯಾಕ್ ಮಾಡಿ, ಆದರೆ ಬರಿಗೈಲಿ ತೆಗೆದಿರುವುದರಿಂದ ಅವುಗಳ ಸ್ಥಾನವನ್ನು ಒಂದಕ್ಕೊಂದು ಲಿಂಕ್ ಮಾಡಬೇಡಿ. ಕಂಟ್ರೋಲ್ ಪಾಯಿಂಟ್ ಹುಡುಕಿಸಿದ ಮೇಲೆ ಕೈಯಾರೆ ಜರಡಿ ಹಿಡಿಯಿರಿ: ಹತ್ತಿರದ ಕಂಬದ ಮೇಲೆ ಕೂತವನ್ನೂ ಮೋಡದ ಮೇಲೆ ಕೂತವನ್ನೂ ಅಳಿಸಿ, ಹಿಂದಿನ ಗೋಡೆಯ ಮೇಲಿನವನ್ನು ಉಳಿಸಿ. ಜೋಡಿಗೆ 15 ಒಳ್ಳೆಯ ಪಾಯಿಂಟು ಸಾಕು. ಕಂಬಗಳ ಅಂಚಿನ ಮೇಲೆ ಮೂರ್ನಾಲ್ಕು ಲಂಬ ಗೆರೆಗಳನ್ನು ಕೊಡಿ. ಮೊದಲು ಸ್ಥಾನಗಳನ್ನು ಮಾತ್ರ ಆಪ್ಟಿಮೈಸ್ ಮಾಡಿ (ತಂತ್ರಾಂಶ ಲೆಕ್ಕ ಹಾಕಿ ಹೊಂದಿಸಲಿ), ಆಮೇಲೆ ವ್ಯೂ (ಲೆನ್ಸಿನ ನೋಟದ ಕೋನ) ಮತ್ತು ಬ್ಯಾರೆಲ್ (ಗೆರೆ ಬಾಗುವ ದೋಷ) ಸೇರಿಸಿ. ಸರಾಸರಿ ದೋಷ 3 ಪಿಕ್ಸೆಲಿನ ಒಳಗೆ ಬಂದರೆ ಮುಂದುವರಿಯಿರಿ.

ಎಕ್ಸ್‌ಪೋಶರ್ ಕೂಡಿಸಲು ಬೆಳಕು ನೆರಳನ್ನು ಒತ್ತಾಯದಿಂದ ಸಮ ಮಾಡುವ ಎಚ್‌ಡಿಆರ್ ಟೋನ್ ಮ್ಯಾಪಿಂಗ್ ಬೇಡವೇ ಬೇಡ. ಕಲ್ಲಿನ ಸುತ್ತ ಬಿಳಿ ಪ್ರಭಾವಳಿ, ಆಕಾಶದಲ್ಲಿ ಮಸಿ, ಹದಿನಾಲ್ಕು ಶತಮಾನ ಹಳೆಯ ಶಿಲ್ಪಕ್ಕೆ ಪ್ಲಾಸ್ಟಿಕ್ ಮೈ. ಹ್ಯೂಗಿನ್ ಜತೆಗೇ ಬರುವ ಎನ್‌ಫ್ಯೂಸ್ ಬಳಸಿ. ಮೆರ್ಟೆನ್ಸ್, ಕೌಟ್ಜ್, ವಾನ್ ರೀತ್ 2007ರಲ್ಲಿ ಮಂಡಿಸಿದ ವಿಧಾನ ಅದು: ಪ್ರತಿ ಪಿಕ್ಸೆಲಿಗೂ ಯಾವ ಫ್ರೇಮಿನಲ್ಲಿ ಬೆಳಕು ಹದವಾಗಿದೆಯೋ ಅದಕ್ಕೆ ಹೆಚ್ಚು ತೂಕ ಕೊಟ್ಟು ಬೆರೆಸುತ್ತದೆ. ಮೊದಲೇ ಇರುವ ಸ್ಯಾಚುರೇಶನ್ (ಬಣ್ಣದ ಗಾಢತೆಯ) ತೂಕ 0.2, ಬಾದಾಮಿಯ ಕೆಂಪಿಗೆ ನಾನು ಅದನ್ನು ಸೊನ್ನೆ ಮಾಡುತ್ತೇನೆ.

ಈಗ ನಿಮ್ಮ 10 ಎಂಎಂ ಲೆನ್ಸಿನ ವಿಷಯ. ಅದು ಅಗಲಕ್ಕೆ ಕೊಡುವುದು 99 ಡಿಗ್ರಿ, ಮೊಗಸಾಲೆಯ ಎರಡು ತುದಿ ಅದರಲ್ಲೂ ಸೇರುವುದಿಲ್ಲ. ಜತೆಗೆ ನೇರ ಗೆರೆಗಳನ್ನು ನೇರವಾಗಿಯೇ ಉಳಿಸಲು ಅದು ತೆರುವ ಬೆಲೆ ಅಂಚಿನಲ್ಲಿ: ಅಲ್ಲಿ ಅಡ್ಡಡ್ಡ ಹಿಗ್ಗುವಿಕೆ ನಡುವಿಗಿಂತ 2.4 ಪಟ್ಟು. ಗುಹೆಯ ಜಗತಿಯ (ಅಡಿಪೀಠದ) ಮೇಲೆ ಕುಣಿಯುವ ಕುಳ್ಳ ಗಣಗಳು ಅಂಚಿಗೆ ಬಂದರೆ ಹಿಟ್ಟಿನಂತೆ ಎಳೆದುಹೋಗುತ್ತವೆ. ಹ್ಯೂಗಿನ್‌ನಲ್ಲೂ ನೇರ ಗೆರೆ ನೇರವಾಗಿಯೇ ಉಳಿಸುವ ರೆಕ್ಟಿಲಿನಿಯರ್ ಪ್ರೊಜೆಕ್ಷನ್ (ಸುತ್ತಲ ನೋಟವನ್ನು ಚಪ್ಪಟೆ ಚಿತ್ರಕ್ಕೆ ಹರಡುವ ರೀತಿ) ಆರಿಸಿದರೆ 120 ಡಿಗ್ರಿಗೆ ಅದೇ ಹಿಗ್ಗುವಿಕೆ ನಾಲ್ಕು ಪಟ್ಟು. ಸಿಲಿಂಡ್ರಿಕಲ್‌ನಲ್ಲಿ ತೊಲೆ ಬಿಲ್ಲಿನಂತೆ ಬಾಗುತ್ತದೆ. ಮೊಗಸಾಲೆಗೆ ಪನಿನಿ ಜನರಲ್ ಎಂಬ ಪ್ರೊಜೆಕ್ಷನ್ ಚೆನ್ನ: ಕಂಬಗಳು ನೇರ ನಿಲ್ಲುತ್ತವೆ, ನಡುವಿಗೆ ಓಡುವ ಗೆರೆಗಳೂ ನೇರ, ಅಂಚಿನ ಮೂರ್ತಿಗಳ ಮೈಕಟ್ಟು ಹೆಚ್ಚು ಕೆಡುವುದಿಲ್ಲ. ಯಾವ ಲೆನ್ಸೂ ಕೊಡದ ಈ ಆಯ್ಕೆ ಜೋಡಿಸಿದ ಚಿತ್ರಕ್ಕಿದೆ.

ಕೆಟ್ಟ ಭಾಗವನ್ನು ಎಐ ಊಹಿಸಿ ತುಂಬುವುದನ್ನು ಈ ಕೆಲಸಕ್ಕೆ ನಾನು ಒಪ್ಪುವುದಿಲ್ಲ. ಮುರಿದ ಬೋದಿಗೆಯ ಜಾಗದಲ್ಲಿ ಅದು ಇಡುವುದು ಯಾವ ಶಿಲ್ಪಿಯೂ ಕೆತ್ತದ ಬೋದಿಗೆ. ನೋಡಿದವರು ಅದನ್ನೇ ಚಾಲುಕ್ಯರ ಕೆಲಸವೆಂದು ನಂಬುತ್ತಾರೆ. ನೆಲದ ಮೇಲಿನ ಚಾಕೊಲೇಟ್ ಕಾಗದ ಅಳಿಸಿಕೊಳ್ಳಿ, ಕೆತ್ತನೆಯ ಮೇಲೆ ಮಾತ್ರ ಎಐ ಕೈಯಾಡಿಸಲು ಬಿಡಬೇಡಿ. ಜೋಡಣೆ ಸರಿಯಾಗದಿದ್ದರೆ ಆ ಭಾಗ ಕತ್ತರಿಸಿ, ಚಿಕ್ಕ ಚಿತ್ರ ಇಟ್ಟುಕೊಳ್ಳಿ.

ಹೊರಡುವ ಮುಂಚೆ ಅದೇ ನಿಮ್ಮೂರ ಮಂಟಪಕ್ಕೆ ದಾರ, ನಟ್, ನಾಣ್ಯ ಹಿಡಿದು ಇನ್ನೊಮ್ಮೆ ಹೋಗಿ. ಕಂಬದಿಂದ ಒಂದು ಮೀಟರ್ ದೂರ ನಿಂತು ಒಂದು ಸಲ ದಾರವಿಲ್ಲದೆ, ಒಂದು ಸಲ ದಾರ ಇಟ್ಟು ಆರಾರು ಫ್ರೇಮು ತೆಗೆದು ಎರಡನ್ನೂ ಜೋಡಿಸಿ. ದಾರದ ಸೆಟ್ಟಿನಲ್ಲೂ ಕಂಬ ಮುರಿದರೆ ಲೆನ್ಸಿನ ಮೇಲಿನ ಗುರುತು ತಪ್ಪಿದೆ. ಹಲಗೆ, ಮೊಳೆ ಮತ್ತೆ ಹೊರತೆಗೆಯಿರಿ.