ಕೊಬ್ಬರಿ ವಿಮಾನಕ್ಕೆ ಬೇಡ, ಪಾರ್ಸೆಲ್ ಮಾಡಿ

ಹೈದರಾಬಾದಿನ ಮಗಳ ಮನೆಗೆ ಇಂಡಿಗೋದಲ್ಲಿ ಹೋಗುವಾಗ ತಿಪಟೂರು ಕೊಬ್ಬರಿ ಒಯ್ಯಬಹುದಾ, ತುಮಕೂರಿಂದ ಯಾವ ದಾರಿ ಒಳ್ಳೆಯದು ಅಂತ ಕೇಳಿದ್ದೀರಿ. ಕೊಬ್ಬರಿ ಬೇಡ ಸಾರ್. ಗಿಟುಕಿನಲ್ಲಿ ಎಣ್ಣೆ ಜಾಸ್ತಿ. ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದಾದ ಸರಕು ಅಂತ ವಿಮಾನದ ನಿಯಮದಲ್ಲಿ ಅದು ಅಪಾಯದ ಪಟ್ಟಿಯಲ್ಲಿದೆ. ಸ್ಕ್ಯಾನಿಂಗಲ್ಲಿ ಕಂಡರೆ ಬ್ಯಾಗ್ ಬಿಚ್ಚಿಸಿ ತೆಗೆಸುತ್ತಾರೆ. ಅಷ್ಟು ಒಳ್ಳೆ ಕೊಬ್ಬರಿ ಅಲ್ಲೇ ಬಿಟ್ಟು ಹೋಗೋಕೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಬಸ್ ಪಾರ್ಸೆಲ್‌ನಲ್ಲಿ ಕಳಿಸಿ.

ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಬನ್ನಿ. ಹೆಬ್ಬಾಳದ ಟ್ರಾಫಿಕ್ಕೇ ಸಿಗುವುದಿಲ್ಲ. ವೆಬ್ ಚೆಕ್‌ಇನ್ ಮನೆಯಲ್ಲೇ ಮುಗಿಸಿ. ಸೀಟಿಗೆ ಸುಮ್ನೆ ದುಡ್ಡು ಕಟ್ಟಬೇಡಿ, ಒಂದು ಗಂಟೆಯ ಹಾರಾಟಕ್ಕೆ ಯಾವ ಸೀಟಾದರೂ ಸಾಕು. ಆದರೆ ಲಗೇಜ್ ಕೌಂಟರ್ ಹೊರಡುವ 60 ನಿಮಿಷ ಮುಂಚೆಯೇ ಮುಚ್ಚುತ್ತದೆ, ಅಷ್ಟರೊಳಗೆ ತಲುಪಲೇಬೇಕು.